ದ್ವೇಷದ ಮಾತನ್ನು ಎದುರಿಸುವಾಗ ಮಾತಿನ ಹಕ್ಕನ್ನು ಕಳೆದುಕೊಳ್ಳದಿರುವುದು ಹೇಗೆ

2012ರ ಆಗಸ್ಟ್ ತಿಂಗಳ ಮಧ್ಯದಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗಾಗಿ ಸಾವಿರಾರು ಜನ ಗಂಟುಮೂಟೆಗಳೊಡನೆ ಕಾದು ನಿಂತಿದ್ದರು. ಅಸ್ಸಾಮಿನ ಕೊಕ್ರಝಾರ್ ಭಾಗದಲ್ಲಿ ಆ ವರ್ಷದ ಜುಲೈನಲ್ಲಿ ನಡೆದ ಗಲಭೆಗೆ ಪ್ರತೀಕಾರವಾಗಿ, ರಂಜಾನ್ ಮುಗಿಯುತ್ತಿದ್ದಂತೆ ಇಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್‌ಗಳೂ ಬೇರೆಲ್ಲಿಯದೋ ಹೆಣಗಳ ಚಿತ್ರಗಳೂ ಮೊಬೈಲಿನಿಂದ ಮೊಬೈಲಿಗೆ ದಾಟಿದ್ದವು. ಹೋಟೆಲುಗಳಲ್ಲಿ ದುಡಿಯುತ್ತಿದ್ದವರು, ಸೆಕ್ಯುರಿಟಿ ಕೆಲಸದವರು, ಕಾಲೇಜು ವಿದ್ಯಾರ್ಥಿಗಳು ಎರಡು ಮೂರು ದಿನಗಳಲ್ಲಿ ಊರು ಬಿಟ್ಟರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ದೇಶದಾದ್ಯಂತ ಒಂದು ಸಲಕ್ಕೆ 5ಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸದಂತೆ 15 ದಿನಗಳ ಮಿತಿ ಹಾಕಿತು, ಸುಮಾರು 300 ಜಾಲಪುಟಗಳನ್ನೂ ಖಾತೆಗಳನ್ನೂ ತಡೆಹಿಡಿಯಲು ಆದೇಶಿಸಿತು. ಆ ಪಟ್ಟಿಯನ್ನು ಆಮೇಲೆ ಪರಿಶೀಲಿಸಿದವರಿಗೆ, ಆ ಚಿತ್ರಗಳು ಸುಳ್ಳೆಂದು ಬಯಲು ಮಾಡಿದ್ದ ಪುಟಗಳೂ ಅದರಲ್ಲಿ ಸೇರಿರುವುದು ಕಂಡುಬಂತು.

ಮಾತೊಂದು ಸಾವಿರಾರು ಜನರ ಅನ್ನವನ್ನು ಕಿತ್ತುಕೊಳ್ಳಬಲ್ಲದು. ಅದನ್ನು ತಡೆಯಲು ಬೀಸಿದ ಬಲೆ, ಅದಕ್ಕೆ ಉತ್ತರ ಕೊಡುತ್ತಿದ್ದವರನ್ನೇ ಹಿಡಿಯಬಲ್ಲದು. ಈ ಎರಡೂ ಒಂದೇ ವಾರದಲ್ಲಿ ನಡೆದವು. ವಾಟ್ಸ್‌ಆ್ಯಪ್ ಗುಂಪು ನಡೆಸುವವರು, ಸಂಘಸಂಸ್ಥೆಗಳ ಫೇಸ್‌ಬುಕ್ ಪುಟ ನೋಡಿಕೊಳ್ಳುವವರು, ಹಾಗೂ ಇಂಥ ಮಾತು ಕಣ್ಣಿಗೆ ಬಿದ್ದಾಗ ಏನು ಮಾಡಬೇಕೆಂದು ತೋಚದೆ ಕೂರುವ ಸಾಮಾನ್ಯ ಓದುಗರು ಈ ಎರಡು ಅಪಾಯಗಳನ್ನೂ ಗಮನದಲ್ಲಿಟ್ಟುಕೊಂಡು ಹೇಗೆ ನಡೆದುಕೊಳ್ಳಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವಿಂಗಡಿಸಿ

ಸಿಟ್ಟು ಬಂದ ಕೂಡಲೇ ಬೆರಳು ಓಡುವುದು ಅಳಿಸುವ ಗುಂಡಿಯ ಕಡೆಗೆ ಅಥವಾ ಪೊಲೀಸರ ಕಡೆಗೆ. ಅದಕ್ಕೂ ಮೊದಲು, ಕಣ್ಣೆದುರಿಗಿರುವ ಮಾತು ಯಾವ ಬಗೆಯದು ಎಂದು ಗುರುತಿಸಬೇಕು. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಅಳತೆಗೋಲು ಸಿಕ್ಕಿದ್ದು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ, 'ಕಿರಿಕಿರಿ' ಉಂಟುಮಾಡುವ ಸಂದೇಶಕ್ಕೂ 3 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ಕೊಟ್ಟಿತ್ತು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆಯವರು ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಪಾಲ್ಘರ್‌ನ ಒಬ್ಬ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಬಂಧಿಸಲಾಗಿತ್ತು. ಆ ಕಲಂ ಅನ್ನು ರದ್ದುಗೊಳಿಸುವಾಗ ನ್ಯಾಯಾಲಯ ಮಾತನ್ನು ಮೂರು ಬಗೆಯಾಗಿ ನೋಡಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಅಪ್ರಿಯವಾಗಿದ್ದರೂ ಅವು ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಯಲ್ಲಿರುತ್ತವೆ. ಮಾತು ಪ್ರಚೋದನೆಯ ಮಟ್ಟಕ್ಕೆ ಏರಿದಾಗ ಮಾತ್ರ 19(2)ನೇ ವಿಧಿಯ ನಿರ್ಬಂಧಗಳು ಅನ್ವಯಿಸುತ್ತವೆ.

ಇದನ್ನು ನಮ್ಮೂರಿನ ಉದಾಹರಣೆಯೊಂದಕ್ಕೆ ಹಚ್ಚಿ ನೋಡೋಣ. 2022ರಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಬ್ಯಾನರುಗಳು ಎದ್ದವು, ಅದರ ಸುತ್ತ ಜಾಲತಾಣಗಳಲ್ಲಿ ತಿಂಗಳುಗಟ್ಟಲೆ ಮಾತು ನಡೆಯಿತು. ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಸ್ಥಾನದ ಜಾಗವನ್ನು ಯಾರಿಗೆ ಗುತ್ತಿಗೆ ಕೊಡಬಹುದು, ನಿಯಮ ಏನು ಹೇಳುತ್ತದೆ ಎಂದು ಒಬ್ಬರು ಬರೆದರೆ ಅದು ಚರ್ಚೆ. ಅನ್ಯಧರ್ಮೀಯರಿಗೆ ಮಳಿಗೆ ಕೊಡಬಾರದೆಂದು ಆಡಳಿತ ಸಮಿತಿಗೆ ಮನವಿ ಸಲ್ಲಿಸೋಣ ಎಂದು ಇನ್ನೊಬ್ಬರು ಬರೆದರೆ ಅದು ಪ್ರತಿಪಾದನೆ. ನನ್ನ ಮಟ್ಟಿಗೆ ಅದು ತಪ್ಪು ನಿಲುವು, ವಾದದಿಂದಲೇ ಎದುರಿಸಬೇಕಾದ ನಿಲುವು, ಆದರೆ ಬಾಯಿ ಮುಚ್ಚಿಸುವುದರಿಂದ ಸೋಲುವಂಥದ್ದಲ್ಲ. 'ಶನಿವಾರ ಸಂಜೆ ಎಲ್ಲರೂ ಬನ್ನಿ, ಅವರ ಗಾಡಿಗಳನ್ನು ಉರುಳಿಸೋಣ' ಎಂಬುದು ಪ್ರಚೋದನೆ. ಮೂರರಲ್ಲೂ ವಿಷಯ ಒಂದೇ, ಬರೆದವರ ಒಲವೂ ಒಂದೇ ಇರಬಹುದು. ಕ್ರಮ ಮಾತ್ರ ಒಂದೇ ಆಗಲಾರದು.

ಇವುಗಳ ನಡುವೆ ಇನ್ನೊಂದು ಬಗೆಯಿದೆ. ದಿನ, ಸ್ಥಳ, ಆಯುಧ ಯಾವುದನ್ನೂ ಹೇಳದೆ ಒಂದು ಸಮುದಾಯವನ್ನೇ ಹುಳು, ರೋಗ, ಕಳೆ ಎಂದು ಕರೆಯುವ, ಆ ಜಾತಿಯಲ್ಲಿ ಹುಟ್ಟಿದವರ ರಕ್ತವೇ ಅಂಥದ್ದು ಎನ್ನುವ ಬರಹಗಳು. ಮೇಲ್ನೋಟಕ್ಕೆ ಇದರಲ್ಲಿ ಕರೆ ಇಲ್ಲ. ಆದರೆ ಮನುಷ್ಯರನ್ನು ಮನುಷ್ಯರ ಸಾಲಿನಿಂದ ಹೊರಗಿಟ್ಟ ಮೇಲೆ ಮುಂದಿನ ಕೆಲಸಕ್ಕೆ ಕರೆಯೇ ಬೇಕಾಗುವುದಿಲ್ಲ. ಕಷ್ಟದ ತೀರ್ಮಾನಗಳೆಲ್ಲ ಇರುವುದು ಇಲ್ಲಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಕೂಡಿಸಿದ್ದ ತಜ್ಞರು 2012ರಲ್ಲಿ ಮೊರಾಕ್ಕೋದ ರಬಾತ್ ನಗರದಲ್ಲಿ ಸಿದ್ಧಪಡಿಸಿದ ಕಾರ್ಯಯೋಜನೆ ಇಂಥ ಹೊತ್ತಿಗೆ ನೆರವಾಗುತ್ತದೆ: ಸಂದರ್ಭ ಯಾವುದು, ಆಡಿದವರು ಯಾರು, ಉದ್ದೇಶವೇನು, ಮಾತಿನ ತಿರುಳೂ ರೂಪವೂ ಎಂಥದ್ದು, ಎಷ್ಟು ಜನರನ್ನು ಮುಟ್ಟಿತು, ಕೇಡು ನಿಜಕ್ಕೂ ನಡೆಯುವ ಸಂಭವ ಎಷ್ಟು ಎಂಬ ಆರು ಪ್ರಶ್ನೆಗಳನ್ನು ಅದು ಕೇಳುತ್ತದೆ. 12 ಜನರ ಗುಂಪಿನಲ್ಲಿ ಕುಡಿದು ಬೈದ ಸೋದರಮಾವನೂ, ಗಲಭೆಯ ಬಿಸಿ ಆರದ ಊರಿನಲ್ಲಿ ಲಕ್ಷ ಹಿಂಬಾಲಕರಿರುವ ಮುಖಂಡನೂ ಒಂದೇ ಶಬ್ದವನ್ನು ಬಳಸಿದ್ದರೂ ಅವರಿಬ್ಬರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಆರು ಪ್ರಶ್ನೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದರೆ ನಾನು ಕೊನೆಯದನ್ನು ಉಳಿಸಿಕೊಳ್ಳುತ್ತೇನೆ.

ನನಗೆಷ್ಟು ನೋವಾಯಿತು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. 1973ರ ನವೆಂಬರ್‌ನಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡಿನಲ್ಲಿ ಎಷ್ಟೋ ಜನಕ್ಕೆ ನಿಜವಾಗಿಯೂ ನೋವಾಗಿತ್ತು. ಪ್ರತಿಭಟನೆಗಳು ಹಿಂಸೆಗೆ ತಿರುಗಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಬಸವಲಿಂಗಪ್ಪನವರು ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆದರೆ ಅವರು ಟೀಕಿಸಿದ್ದು ಸಾಹಿತ್ಯವನ್ನು. ಅದರಿಂದ ಯಾವ ಸಮುದಾಯದ ಜೀವಕ್ಕೂ ಅಪಾಯ ಒದಗಿರಲಿಲ್ಲ. ಅಪಾಯಕ್ಕೆ ಸಿಕ್ಕವರು ಆ ಮಾತನ್ನು ಒಪ್ಪಿದವರು. ನೋವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಸಂಖ್ಯೆಯಲ್ಲಿ ಹೆಚ್ಚಿರುವವರ ನೋವಿಗೆ ಮಾತ್ರ ತೂಕ ಬರುತ್ತದೆ ಎಂಬುದಕ್ಕೆ ಬೂಸಾ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿ ನನಗೆ ಕಂಡಿಲ್ಲ. ಆದ್ದರಿಂದ ಒಂದು ವಿಚಾರವನ್ನು, ಗ್ರಂಥವನ್ನು, ಆಚಾರವನ್ನು, ಪಕ್ಷವನ್ನು, ಮಠವನ್ನು ಕಟುವಾಗಿ ಟೀಕಿಸುವುದನ್ನು ಜನರ ಮೇಲಿನ ದ್ವೇಷವೆಂದು ಎಣಿಸಬೇಡಿ. ಅಂಥ ಟೀಕೆ ಅಸಭ್ಯವಾಗಿದ್ದರೆ ಅದು ಅಸಭ್ಯ, ಅಷ್ಟೇ.

ಕನ್ನಡದಲ್ಲಿ ಮಾತು ಅಡಗುವ ಜಾಗಗಳು

ಕಂಪನಿಗಳ ಯಂತ್ರಗಳು ದ್ವೇಷದ ಪದಗಳನ್ನು ಹುಡುಕುತ್ತವೆ. ಆದರೆ ಕನ್ನಡದಲ್ಲಿ ದ್ವೇಷ ಯಾವಾಗಲೂ ಬೈಗುಳದ ರೂಪದಲ್ಲೇ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ, ಒಂದಕ್ಷರ ಬಿಟ್ಟು ಚುಕ್ಕಿ ಇಟ್ಟ ಜಾತಿಯ ಹೆಸರು, 'ಆ ಕಡೆಯವರು' ಎಂಬ ಸೂಚನೆ, ಒಂದು ತರಕಾರಿಯ ಚಿತ್ರ, ಇವೆಲ್ಲ ಊರಿನವರಿಗೆ ಥಟ್ಟನೆ ಅರ್ಥವಾಗುತ್ತವೆ, ಯಂತ್ರಕ್ಕೆ ಆಗುವುದಿಲ್ಲ. ಜಾತಿಯ ಹೆಸರೇ ಬೈಗುಳವಾಗಿರುವ ಗಾದೆಗಳು ನಮ್ಮಲ್ಲಿ ರಾಶಿ ಇವೆ. ಆಡಿದವರಿಗೆ ಅದು ಗಾದೆ, ಕೇಳಿಸಿಕೊಂಡವರಿಗೆ ತಲೆಮಾರುಗಳ ಅವಮಾನ.

ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ಹೋಟೆಲಿನಲ್ಲಿ ತನಗೆ ಬೇರೆ ಲೋಟ ಇಟ್ಟದ್ದನ್ನೂ ಆಗ ಯಾವ ಪದದಿಂದ ಕರೆದರೆಂಬುದನ್ನೂ ದಲಿತ ಯುವಕನೊಬ್ಬ ಇದ್ದದ್ದು ಇದ್ದ ಹಾಗೆ ಬರೆದರೆ ಆ ಬೈಗುಳ ಅವನ ಬರಹದಲ್ಲಿ ಇದ್ದೇ ಇರುತ್ತದೆ. ಪದವನ್ನಷ್ಟೇ ನೋಡುವ ಯಂತ್ರವೂ, ಗಡಿಬಿಡಿಯ ಅಡ್ಮಿನ್ನೂ ಅದನ್ನು ಅಳಿಸುತ್ತಾರೆ. ಬೈದವನ ಬದಲು ಬೈಸಿಕೊಂಡವನ ಸಾಕ್ಷ್ಯ ಅಳಿಯುತ್ತದೆ. ಹೀಗಾಗಿ ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪದವನ್ನು ಬರೆದವರು ಅದನ್ನು ಯಾರ ಮೇಲಾದರೂ ಎಸೆಯುತ್ತಿದ್ದಾರೆಯೇ, ಅಥವಾ ತಮ್ಮ ಮೇಲೆ ಎಸೆದದ್ದನ್ನು ತೋರಿಸುತ್ತಿದ್ದಾರೆಯೇ? ಉದ್ಧರಣೆ, ವಿಡಂಬನೆ, ವರದಿ ಮೂರಕ್ಕೂ ಇದೇ ಪ್ರಶ್ನೆ ಸಾಕು.

ಗುಂಪು ನಡೆಸುವವರಿಗೆ

ಮೊದಲಿಗೆ ಭಯ ಬಿಡಿ. ಸದಸ್ಯರೊಬ್ಬರು ಹಾಕಿದ ಸಂದೇಶಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆಗಾರರಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೂ ಕೇರಳ ಹೈಕೋರ್ಟ್ 2022ರಲ್ಲೂ ಹೇಳಿವೆ. ಅಡ್ಮಿನ್ ತಾವೇ ಅದನ್ನು ಮುಂದೆ ಕಳಿಸಿದರೆ, ಹೌದೆಂದು ಸೇರಿಕೊಂಡರೆ ಆ ಮಾತು ಬೇರೆ. ಭಯದಿಂದ ನಡೆಸುವ ಗುಂಪಿನಲ್ಲಿ ರಾಜಕೀಯವೂ ಇಲ್ಲ, ಧರ್ಮವೂ ಇಲ್ಲ, ಕೊನೆಗೆ ಊರಿನ ಚರಂಡಿಯ ಬಗ್ಗೆ ಬರೆಯಲೂ ಜನ ಹಿಂಜರಿಯುತ್ತಾರೆ. ಗುಂಪಿನಲ್ಲಿ ರಾಜಕೀಯ ನಿಷಿದ್ಧ ಎಂಬ ನಿಯಮವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಅದನ್ನು ಉಲ್ಲಂಘಿಸುವವರೂ ಜಾರಿ ಮಾಡುವವರೂ ಸಾಮಾನ್ಯವಾಗಿ ಒಬ್ಬರೇ ಆಗಿರುತ್ತಾರೆ.

ನಿಯಮ ಚಿಕ್ಕದಾಗಿರಲಿ, ಮುಂಚೆಯೇ ಬರೆದು ಗುಂಪಿನ ವಿವರಣೆಯಲ್ಲಿ ಹಾಕಿರಲಿ. ನಮ್ಮ ಗುಂಪಿನ ನಿಯಮ ಹೀಗಿದೆ: 'ಯಾವುದೇ ವಿಚಾರ, ನಾಯಕರು, ಆಚರಣೆ ಕುರಿತು ಟೀಕೆ ಮಾಡಬಹುದು. ಹುಟ್ಟು, ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ಜನರನ್ನು ಹೀಗಳೆಯುವ, ಬಹಿಷ್ಕರಿಸಲು ಅಥವಾ ಹಿಂಸಿಸಲು ಕರೆ ಕೊಡುವ ಸಂದೇಶವನ್ನು ತೆಗೆಯಲಾಗುತ್ತದೆ. ತೆಗೆದದ್ದಕ್ಕೆ ಕಾರಣ ತಿಳಿಸಲಾಗುತ್ತದೆ. ಒಪ್ಪದವರು ಮೂವರು ಅಡ್ಮಿನ್‌ಗಳಲ್ಲಿ ಇನ್ನೊಬ್ಬರ ಬಳಿ ಕೇಳಬಹುದು.' ಕೊನೆಯ ಎರಡು ವಾಕ್ಯಗಳಿಲ್ಲದೆ ಮೊದಲ ಎರಡಕ್ಕೆ ಬೆಲೆಯಿಲ್ಲ. ಮೂವರು ಅಡ್ಮಿನ್‌ಗಳೂ ಒಂದೇ ಓಣಿಯವರು, ಒಂದೇ ಜಾತಿಯವರು ಆಗದಂತೆ ನೋಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕ್ರಮದಲ್ಲಿ ಮೆಟ್ಟಿಲುಗಳಿರಲಿ. ಮೊದಲು ಖಾಸಗಿಯಾಗಿ ಮಾತಾಡಿ. ಸಾಧ್ಯವಾದರೆ ಬರೆಯುವುದಕ್ಕಿಂತ ಫೋನ್ ಮಾಡಿ. ಹತ್ತು ಜನರ ಮುಂದೆ ತಪ್ಪು ಎತ್ತಿ ತೋರಿಸಿದರೆ ಯಾರೂ ತಿದ್ದಿಕೊಳ್ಳುವುದಿಲ್ಲ, ಮರ್ಯಾದೆ ಉಳಿಸಿಕೊಳ್ಳಲು ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತಾರೆ. ಎರಡನೆಯದಾಗಿ, ಸಂದೇಶವನ್ನು ತೆಗೆಯಿರಿ. ಎಲ್ಲರಿಗೂ ಅಳಿಸುವ ಅಧಿಕಾರ ವಾಟ್ಸ್‌ಆ್ಯಪ್ ಅಡ್ಮಿನ್‌ಗಳಿಗಿದೆ. ಮಾತು ಕಾವೇರುತ್ತಿದ್ದರೆ ಒಂದು ರಾತ್ರಿಯ ಮಟ್ಟಿಗೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬದಲಿಸಿ, ಬೆಳಿಗ್ಗೆ ತೆರೆಯಿರಿ. ಹೊರಹಾಕುವುದು ಕೊನೆಯ ಮೆಟ್ಟಿಲು. ಈ ಸಾಲನ್ನು ನಾನು ಕಲಿತದ್ದು ತಪ್ಪಿ. 2023ರ ವಿಧಾನಸಭಾ ಚುನಾವಣೆಯ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಸಮುದಾಯದ ಮೇಲೆ ವಿಷ ಕಾರುವ ವಿಡಿಯೊವೊಂದನ್ನು ಕಂಡು ಹಾಕಿದವರನ್ನು ಆ ಕ್ಷಣವೇ ತೆಗೆದುಹಾಕಿದೆ. 'ಇದು ನಿಜವೇ? ನಮ್ಮ ಬೀದಿಯಲ್ಲಿ ಎಲ್ಲರೂ ಕಳಿಸುತ್ತಿದ್ದಾರೆ' ಎಂದು ಅವರು ಅದರ ಹಿಂದೆಯೇ ಕಳಿಸಿದ ಧ್ವನಿ ಸಂದೇಶವನ್ನು ನಾನು ಕೇಳಿಸಿಕೊಂಡದ್ದು ಮರುದಿನ. ಕ್ಷಮೆ ಕೇಳಿ ಮತ್ತೆ ಸೇರಿಸಿದೆ; ಅವರು ಆಮೇಲೆ ಏನನ್ನೂ ಕೇಳಲಿಲ್ಲ.

ಒಂದು ವಿನಾಯಿತಿ ಇದೆ. ಸ್ಥಳ, ಹೊತ್ತು, ಗುರಿ ಇರುವ ಬೆದರಿಕೆ ಕಂಡರೆ ಯಾವ ಮೆಟ್ಟಿಲೂ ಬೇಡ, 112ಕ್ಕೆ ಕರೆ ಮಾಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಾಗ, ಸುದ್ದಿ ಹರಡಿದ್ದಕ್ಕೂ ಗುಂಪು ಸೇರಿದ್ದಕ್ಕೂ ನಡುವೆ ಇದ್ದದ್ದು ನಿಮಿಷಗಳ ಅಂತರ. ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದದ್ದು ಅದೇ ತಿಂಗಳಲ್ಲಿ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಕಳಿಸಿದವರಿಗೆ ಅದರ ಮೂಲ ಗೊತ್ತಿರುವ ಸಂಭವ ಕಡಿಮೆ ಎಂದೇ ತಿಳಿಯಿರಿ.

ಉತ್ತರ ಕೊಡುವ ಬಗೆ

ದ್ವೇಷದ ಬರಹಕ್ಕೆ ಉತ್ತರ ಬರೆಯುವಾಗ, ಬರೆದವರ ಮನಸ್ಸು ಬದಲಿಸಲು ಹೊರಟಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮ ಓದುಗರು ಏನನ್ನೂ ಬರೆಯದೆ ನೋಡುತ್ತಿರುವವರು. ಅವರಿಗೆ ಬೇಕಾದದ್ದು ಎರಡು: ಸಂಗತಿ ಸುಳ್ಳಾಗಿದ್ದರೆ ನಿಜ ಯಾವುದು ಎಂಬುದು, ಮತ್ತು ಇದನ್ನು ಒಪ್ಪದವರು ಊರಿನಲ್ಲಿ ಇದ್ದಾರೆ ಎಂಬ ಭರವಸೆ. ಎರಡನ್ನೂ ನಾಲ್ಕು ಸಾಲಿನಲ್ಲಿ ಹೇಳಬಹುದು. ವಿಡಿಯೊ ಯಾವ ದೇಶದ್ದು, ಯಾವ ವರ್ಷದ್ದು ಎಂಬುದು ಗೊತ್ತಾದರೆ ಅಷ್ಟನ್ನೇ ಬರೆಯಿರಿ; ಕಳಿಸಿದವರ ಬುದ್ಧಿಯ ಬಗ್ಗೆ ಬರೆದರೆ ಮಾತು ಅಲ್ಲಿಗೇ ತಿರುಗುತ್ತದೆ.

ಆ ಬರಹವನ್ನು ಖಂಡಿಸಲೆಂದು ಹಂಚಿಕೊಳ್ಳುವುದು ಅದಕ್ಕೆ ಇನ್ನಷ್ಟು ಓದುಗರನ್ನು ದೊರಕಿಸಿಕೊಡುವ ಕೆಲಸ. ತೋರಿಸಲೇಬೇಕಾದರೆ ಸ್ಕ್ರೀನ್‌ಶಾಟಿನ ಮೇಲೆ ಅಡ್ಡಗೆರೆ ಎಳೆದು, ಖಾಸಗಿ ವ್ಯಕ್ತಿಯಾದರೆ ಹೆಸರು ಮರೆಸಿ ಹಾಕಿ. ಬರೆದವರ ಮನೆ ವಿಳಾಸ, ಫೋನ್ ನಂಬರು, ಕೆಲಸದ ಜಾಗ ಹುಡುಕಿ ಪ್ರಕಟಿಸುವುದು ಉತ್ತರವಲ್ಲ, ಇನ್ನೊಂದು ಬೇಟೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಿಂದನೆಯ ಒಂದು ಫೇಸ್‌ಬುಕ್ ಪೋಸ್ಟಿನ ಸಿಟ್ಟು ಶಾಸಕರ ಮನೆಗೂ ಪೊಲೀಸ್ ಠಾಣೆಗೂ ಬೆಂಕಿ ಹಚ್ಚುವವರೆಗೆ ಹೋಯಿತು, ಪೊಲೀಸರ ಗೋಲಿಬಾರಿನಲ್ಲಿ ಜೀವಗಳು ಹೋದವು. ಆ ಪೋಸ್ಟಿನ ತಪ್ಪೇನು ಎಂಬುದನ್ನು ಅದರ ನಂತರ ಯಾರೂ ಚರ್ಚಿಸಲಿಲ್ಲ, ಚರ್ಚಿಸುವ ಸ್ಥಿತಿಯೂ ಉಳಿಯಲಿಲ್ಲ.

ಕಂಪನಿಗೆ ದೂರು

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ ಇವುಗಳ ದ್ವೇಷವಿರೋಧಿ ನಿಯಮಗಳಲ್ಲಿ ಜಾತಿ ಎಂಬ ಪದ ನೇರವಾಗಿಯೇ ಇದೆ. ರಿಪೋರ್ಟ್ ಮಾಡುವಾಗ 'ಇಷ್ಟವಾಗಲಿಲ್ಲ' ಅಥವಾ 'ಸ್ಪ್ಯಾಮ್' ಎಂಬುದನ್ನು ಒತ್ತದೆ ದ್ವೇಷದ ವಿಭಾಗವನ್ನೇ ಆರಿಸಿ. ಬರೆಯಲು ಜಾಗವಿದ್ದರೆ ಆ ಕನ್ನಡ ಪದಕ್ಕೆ ಊರಿನಲ್ಲಿ ಏನರ್ಥ ಎಂಬುದನ್ನು ಎರಡು ವಾಕ್ಯಗಳಲ್ಲಿ ವಿವರಿಸಿ. ಪರಿಶೀಲಿಸುವವರಿಗೆ ಸಿಗದ ಮಾಹಿತಿ ಅದೊಂದೇ. ವಾಟ್ಸ್‌ಆ್ಯಪ್‌ನಲ್ಲಿ ಗೂಢಲಿಪಿಯ ಕಾರಣದಿಂದ ಕಂಪನಿಗೆ ಸಂದೇಶಗಳು ಕಾಣುವುದಿಲ್ಲ. ನೀವು ರಿಪೋರ್ಟ್ ಮಾಡಿದಾಗ ಆ ಸಂಭಾಷಣೆಯ ಕೊನೆಯ 5 ಸಂದೇಶಗಳು ಮಾತ್ರ ಅವರಿಗೆ ಹೋಗುತ್ತವೆ. ಆದ್ದರಿಂದ ವಾರ ಕಳೆದು ರಿಪೋರ್ಟ್ ಮಾಡಿದರೆ ಹಬ್ಬದ ಶುಭಾಶಯಗಳಷ್ಟೇ ಹೋದಾವು.

ಗುಂಡಿ ಒತ್ತಿದ್ದಕ್ಕೆ ಸ್ವಯಂಚಾಲಿತ ಉತ್ತರ ಬಂದು ಮಾತು ಅಲ್ಲಿಗೇ ನಿಂತರೆ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ನೇಮಿಸಲೇಬೇಕಾದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ವಿಳಾಸ ಕಂಪನಿಯ ಜಾಲತಾಣದಲ್ಲಿರುತ್ತದೆ. ಅವರು 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ನಿಗದಿತ ದಿನಗಳಲ್ಲಿ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರ ರಚಿಸಿರುವ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಈ ದಾರಿ ಎರಡೂ ಕಡೆಗೆ ತೆರೆದಿದೆ ಎಂಬುದು ಹಲವರಿಗೆ ತಿಳಿದಿಲ್ಲ: ತೆಗೆಯಬೇಕಾದದ್ದನ್ನು ತೆಗೆಯದಿದ್ದಾಗ ಹೇಗೋ, ನಿಮ್ಮ ನ್ಯಾಯವಾದ ಬರಹವನ್ನು ಸುಮ್ಮನೆ ತೆಗೆದಾಗಲೂ ಹಾಗೆಯೇ ಮೇಲ್ಮನವಿ ಸಲ್ಲಿಸಬಹುದು.

'ಎಲ್ಲರೂ ಸೇರಿ ಈ ಖಾತೆಗೆ ರಿಪೋರ್ಟ್ ಹೊಡೆಯಿರಿ' ಎಂಬ ಕರೆಗಳಿಂದ ದೂರವಿರಿ. ಆ ಆಯುಧ ಹೆಚ್ಚಾಗಿ ಬೀಳುವುದು ಒಂಟಿಯಾಗಿ ಬರೆಯುವ ಪತ್ರಕರ್ತರ ಮೇಲೆ, ಮಹಿಳೆಯರ ಮೇಲೆ, ಬಹುಸಂಖ್ಯಾತರಿಗೆ ಹಿಡಿಸದ ಮಾತಾಡಿದವರ ಮೇಲೆ. ನೀವೇ ಓದಿ, ನಿಮಗೇ ಮನವರಿಕೆಯಾದದ್ದಕ್ಕೆ ಮಾತ್ರ ರಿಪೋರ್ಟ್ ಮಾಡಿ.

ಠಾಣೆಗೆ ಹೋಗುವ ಮೊದಲು, ಹೋದ ಮೇಲೆ

ಠಾಣೆಗೆ ಹೋಗುವುದಾದರೆ ಸಿದ್ಧತೆ ಮಾಡಿಕೊಂಡು ಹೋಗಬೇಕು. ಪೋಸ್ಟ್ ಅಳಿದುಹೋಗುವ ಮೊದಲು ಅದರ ಪೂರ್ಣ ಕೊಂಡಿಯನ್ನೂ, ಖಾತೆಯ ಹೆಸರನ್ನೂ, ದಿನಾಂಕ ಸಮಯಗಳು ಕಾಣುವ ಸ್ಕ್ರೀನ್‌ಶಾಟನ್ನೂ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟನ್ನು ಕತ್ತರಿಸಬೇಡಿ, ಹಿಂದಿನ ಮುಂದಿನ ಸಂದೇಶಗಳು ಇರಲಿ, ಅವು ನಿಮ್ಮ ವಾದಕ್ಕೆ ಅನುಕೂಲವಾಗಿಲ್ಲದಿದ್ದರೂ ಇರಲಿ. ವಿಡಿಯೊ ಆದರೆ ಖಾತೆಯನ್ನು ತೆರೆಯುವುದರಿಂದ ಹಿಡಿದು ವಿಡಿಯೊ ಓಡುವವರೆಗೆ ಪರದೆಯನ್ನು ರೆಕಾರ್ಡ್ ಮಾಡಿ. ಮೂಲ ಸಂದೇಶ ಬಂದ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವೊಂದು ಬೇಕು. ಅದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು.

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಧರ್ಮ, ಜನಾಂಗ, ಜನ್ಮಸ್ಥಳ, ಭಾಷೆ, ಜಾತಿ, ಸಮುದಾಯಗಳ ಆಧಾರದಲ್ಲಿ ಗುಂಪುಗಳ ನಡುವೆ ವೈರ ಬೆಳೆಸುವುದಕ್ಕೆ 196ನೇ ಕಲಂ ಇದೆ. ಹಳೆಯ 153ಎ ಎಂದರೆ ಹೆಚ್ಚು ಜನರಿಗೆ ಗುರುತಾಗುತ್ತದೆ. ವಿದ್ಯುನ್ಮಾನ ಸಂವಹನದ ಮೂಲಕ ಎಂಬ ಪದಗಳು ಈ ಕಲಂನಲ್ಲೇ ಇವೆ, ಶಿಕ್ಷೆ 3 ವರ್ಷಗಳವರೆಗೆ. ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಮತ್ತು ದುರುದ್ದೇಶದಿಂದ ಕೆರಳಿಸುವುದು 299, ವದಂತಿ ಹಬ್ಬಿಸಿ ಜನರನ್ನು ಎತ್ತಿಕಟ್ಟುವುದು 353, ಬೆದರಿಕೆ 351, ಮಹಿಳೆಯ ಮಾನಕ್ಕೆ ಕುಂದು ತರುವ ಮಾತು 79. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(1)(ಯು) ಕಲಂ ಈ ಸಮುದಾಯಗಳ ವಿರುದ್ಧ ವೈರ, ದ್ವೇಷ ಹರಡುವ ಬರಹಕ್ಕೂ ಅನ್ವಯಿಸುತ್ತದೆ, ಮತ್ತು ಈ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲ ಎಂದು 18ಎ ಕಲಂ ಹೇಳುತ್ತದೆ. ಕಲಂಗಳ ಪಟ್ಟಿಯನ್ನು ಉದ್ದ ಮಾಡಿದಷ್ಟೂ ದೂರು ಬಲವಾಗುತ್ತದೆ ಎಂಬ ನಂಬಿಕೆ ತಪ್ಪು. ದೂರಿನಲ್ಲಿ ವಿಶೇಷಣಗಳಿರಬಾರದು, ಯಾರು, ಯಾವಾಗ, ಎಲ್ಲಿ, ಯಾವ ಮಾತುಗಳಲ್ಲಿ ಬರೆದರು, ಅದರಿಂದ ಯಾರಿಗೆ ಯಾವ ಅಪಾಯ ಒದಗಿದೆ ಎಂಬಷ್ಟೇ ಇರಲಿ, ಆಕ್ಷೇಪದ ಮಾತುಗಳನ್ನು ಇದ್ದ ಹಾಗೆಯೇ ನಕಲು ಮಾಡಿ.

ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸೆನ್ ಠಾಣೆಗಳಿವೆ. ಆದರೆ ನಿಮ್ಮ ಹತ್ತಿರದ ಠಾಣೆಯೂ ದೂರು ಪಡೆಯಲೇಬೇಕು, ಘಟನೆ ಬೇರೆ ವ್ಯಾಪ್ತಿಯದಾದರೂ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದಾಖಲಿಸಬಹುದು. 1930 ಸೈಬರ್ ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗಾಗಿ ಇರುವಂಥದ್ದು. ಠಾಣೆಯಲ್ಲಿ ಬರಿಗೈಯಲ್ಲಿ ಎದ್ದು ಬರಬೇಡಿ, ಎಫ್‌ಐಆರ್ ಆಗದಿದ್ದರೆ ಹಿಂಬರಹ, ಅಂದರೆ ದೂರಿಗೆ ಠಾಣೆಯ ಲಿಖಿತ ಉತ್ತರ, ಕೇಳಿ ಪಡೆಯಿರಿ. ನಿರಾಕರಿಸಿದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಂ ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ದ್ವೇಷ ಭಾಷಣಕ್ಕೆ ದೂರು ಬರುವುದನ್ನು ಕಾಯದೆ, ಆಡಿದವರ ಧರ್ಮವನ್ನು ನೋಡದೆ ಪೊಲೀಸರೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ ಎಂಬುದನ್ನು ಬೇಕಾದರೆ ನೆನಪಿಸಿ.

ಅದೇ ನ್ಯಾಯಾಲಯ 2025ರ ಮಾರ್ಚ್ 28ರಂದು ಇನ್ನೊಂದು ಮಾತನ್ನೂ ಹೇಳಿತು. ಸಂಸದ ಇಮ್ರಾನ್ ಪ್ರತಾಪಗಢಿ ಅವರು ಹಂಚಿಕೊಂಡ ವಿಡಿಯೊದ ಹಿನ್ನೆಲೆಯಲ್ಲಿದ್ದ ಕವಿತೆಯೊಂದರ ಮೇಲೆ ಗುಜರಾತಿನಲ್ಲಿ 196ನೇ ಕಲಂ ಅಡಿ ದಾಖಲಾಗಿದ್ದ ಎಫ್‌ಐಆರ್ ಅನ್ನು ರದ್ದುಪಡಿಸುತ್ತ, ಮಾತಿನ ಪರಿಣಾಮವನ್ನು ಸದಾ ಅಭದ್ರತೆಯಲ್ಲಿರುವವರ ಕಣ್ಣಿನಿಂದಲ್ಲ, ವಿವೇಕವೂ ಗಟ್ಟಿ ಮನಸ್ಸೂ ಇರುವವರ ಕಣ್ಣಿನಿಂದ ಅಳೆಯಬೇಕೆಂದಿತು. ಮಾತಿಗೆ ಸಂಬಂಧಿಸಿದ, 3ರಿಂದ 7 ವರ್ಷಗಳೊಳಗಿನ ಶಿಕ್ಷೆಯ ದೂರುಗಳಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಂ ಬಳಸಿ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತವೆಂದೂ ಸೂಚಿಸಿತು. ದೂರು ಕೊಡುವ ನಿಮಗೆ ಇದು ತಡವೆನಿಸಬಹುದು. ನಾಳೆ ನಿಮ್ಮ ಪದ್ಯವೊಂದರ ಮೇಲೆ ದೂರು ಬಂದಾಗ ನಿಮ್ಮನ್ನು ಕಾಯುವುದೂ ಈ 14 ದಿನಗಳೇ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಕರ್ನಾಟಕದ ಉಭಯ ಸದನಗಳು ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ಪ್ರತಿಪಕ್ಷಗಳ ವಿರೋಧದ ನಡುವೆ ಅಂಗೀಕರಿಸಿದವು. ಜಾಲತಾಣದ ಬರಹ ತೆಗೆಸುವ ಅಧಿಕಾರವನ್ನು ಸರ್ಕಾರದ ಅಧಿಕಾರಿಗೆ ಕೊಡುವ ಅಂಶವೂ ಅದರಲ್ಲಿದೆ. ದ್ವೇಷಕ್ಕೆ ಗುರಿಯಾಗುವವರಿಗೆ ಬೇಗ ರಕ್ಷಣೆ ಸಿಗಬೇಕೆಂಬ ಆಶಯವನ್ನು ನಾನು ಒಪ್ಪುತ್ತೇನೆ. 2012ರ ಆ ಪಟ್ಟಿ ನೆನಪಿರುವ ಕಾರಣ, ತೆಗೆಸುವ ಆದೇಶದ ಕಾರಣವನ್ನು ಬರೆದವರಿಗೆ ತಿಳಿಸಿ ಅವರ ಮಾತು ಕೇಳುವ ಕಟ್ಟುನಿಟ್ಟಿನ ವ್ಯವಸ್ಥೆಯಿಲ್ಲದ ಯಾವ ಅಧಿಕಾರವನ್ನೂ ಒಪ್ಪಲಾರೆ. ದೂರು ಬರೆಯುವವರಂತೂ ನ್ಯಾಯ ಸಂಹಿತೆಯ ಕಲಂಗಳನ್ನು ಆಧರಿಸಿಯೇ ಬರೆಯಬಹುದು, ಅವು ಸಾಲುತ್ತವೆ.

ನಿಮ್ಮ ಮೇಲೆಯೇ ದೂರು ಬಂದರೆ ಗಾಬರಿಯಿಂದ ಪೋಸ್ಟನ್ನು ಅಳಿಸಿ ಫೋನನ್ನು ಖಾಲಿ ಮಾಡಬೇಡಿ, ಅದು ಸಾಕ್ಷ್ಯ ನಾಶವೆಂದು ಕಾಣುತ್ತದೆ. ಪ್ರತಿಯನ್ನು ಇಟ್ಟುಕೊಳ್ಳಿ; ತಪ್ಪೆನಿಸಿದರೆ ಆಮೇಲೆ ಹಿಂತೆಗೆದುಕೊಂಡು ಹಾಗೆಂದು ಬರೆಯಿರಿ. 7 ವರ್ಷಗಳವರೆಗಿನ ಶಿಕ್ಷೆಯ ಆರೋಪಗಳಲ್ಲಿ ಸಾಮಾನ್ಯವಾಗಿ ಮೊದಲು ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಂ ಅಡಿ ಹಾಜರಾಗಲು ನೋಟಿಸ್ ಬರಬೇಕು. ಆ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್ ಕೈಗೆ ಬಂದ ಮೇಲೆ ವಕೀಲರೊಡನೆ ಹಾಜರಾಗಿ.

ಇನ್ನೊಬ್ಬರ ಪರವಾಗಿ ದೂರು ಕೊಡಲು ಹೊರಟವರಿಗೆ ಒಂದು ಮಾತು ಉಳಿದಿದೆ. ಆ ಬರಹಕ್ಕೆ ಗುರಿಯಾದವರನ್ನು ಮೊದಲು ಕೇಳಿ. ಹಳ್ಳಿಯ ಕೇರಿಯಲ್ಲಿರುವ ಕುಟುಂಬಕ್ಕೆ ಎಫ್‌ಐಆರ್ ಆದ ಮರುದಿನವೂ ಅದೇ ಬೀದಿಯ ಅಂಗಡಿಯಲ್ಲಿ ಅಕ್ಕಿ ಕೊಳ್ಳಬೇಕಿರುತ್ತದೆ, ಅದೇ ಮಾಲೀಕರ ಹೊಲದಲ್ಲಿ ಕೂಲಿ ಮಾಡಬೇಕಿರುತ್ತದೆ. ನೀವು ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ಕೊಟ್ಟ ದೂರಿನ ಬಿಸಿ ತಾಗುವುದು ಅವರಿಗೆ. ಬೇಡವೆಂದರೆ ಸಾಕ್ಷ್ಯವನ್ನು ಮಾತ್ರ ಜೋಪಾನ ಮಾಡಿಟ್ಟು ಸುಮ್ಮನಿರಿ, ಅವರ ಮನಸ್ಸು ಬದಲಾದ ದಿನ ಅದು ಬೇಕಾಗುತ್ತದೆ. ಮುಂದುವರಿಯೋಣ ಎಂದರೆ ದೂರು ಅವರ ಮಾತಿನಲ್ಲೇ ಇರಲಿ, ಠಾಣೆಗೆ ಜೊತೆಯಲ್ಲಿ ಹೋಗಿ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಅಡಿ ರಕ್ಷಣೆ ಕೇಳುವ ಹಕ್ಕಿದೆ ಎಂಬುದನ್ನು ಅವರಿಗೆ ತಿಳಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇವರಿಗೂ ಮಹಿಳೆಯರಿಗೂ ಆದಾಯವನ್ನು ನೋಡದೆಯೇ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಅದಕ್ಕೆ 15100ಕ್ಕೆ ಕರೆ ಮಾಡಬೇಕು.